ಮಹಲಿನಿಂದ ಗದ್ದೆಯ ಕಡೆಗೆ: ಚಾರ್ಲ್ಸ್‌ಟನ್ ಸುತ್ತಲಿನ ಚಾರಿತ್ರಿಕ ತಾಣಗಳು ಮತ್ತು ಕೃಷಿ ಪ್ರವಾಸೋದ್ಯಮ – ಒಂದು ಪ್ರಕರಣ ಅಧ್ಯಯನ

ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ಮಧ್ಯಮ ಗಾತ್ರದ ನಗರ. 2020ರ ಜನಗಣತಿಯ ಪ್ರಕಾರ ಅಲ್ಲಿನ ಜನಸಂಖ್ಯೆ 1,50,227. ಇಂಗ್ಲಿಷರು 1670ರಲ್ಲಿ ಆಶ್ಲಿ ನದಿಯ ಪಶ್ಚಿಮ ದಡದಲ್ಲಿ ನೆಲೆಯೂರಿ, ಹತ್ತು ವರ್ಷಗಳ ನಂತರ ಆಶ್ಲಿ ಮತ್ತು ಕೂಪರ್ ನದಿಗಳ ನಡುವಿನ ಭೂಶಿರಕ್ಕೆ ಊರನ್ನು ಸ್ಥಳಾಂತರಿಸಿದರು. ನಗರದ ಹೊರವಲಯದಲ್ಲಿ, ಕಾರಿನಲ್ಲಿ ಅರ್ಧ ಗಂಟೆ, ಮುಕ್ಕಾಲು ಗಂಟೆಯ ದೂರದಲ್ಲಿ, ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಹಲವು ಪ್ಲಾಂಟೇಶನ್‌ಗಳು (ಗುಲಾಮರ ದುಡಿಮೆಯಿಂದ ನಡೆಯುತ್ತಿದ್ದ ದೊಡ್ಡ ಕೃಷಿ ಎಸ್ಟೇಟುಗಳು) ಇಂದಿಗೂ ಉಳಿದುಕೊಂಡಿವೆ. ಓಕ್ ಮರಗಳ ಸಾಲು, ಉದ್ಯಾನ ಮತ್ತು ಮಹಲುಗಳನ್ನು ನೋಡಲು ಬರುವವರ ಜೊತೆಗೆ, ವಸಂತದಲ್ಲಿ ಹೊಲಕ್ಕಿಳಿದು ಸ್ಟ್ರಾಬೆರಿ ಕೊಯ್ಯಲು, ಚಹಾ ತೋಟ ಸುತ್ತಲು ಮತ್ತು ರೈತರ ಅಂಗಡಿಯಲ್ಲಿ ತರಕಾರಿ ಕೊಳ್ಳಲು ಬರುವವರೂ ಇದ್ದಾರೆ. ನೆರೆಯ ಉತ್ತರ ಕೆರೊಲಿನಾದ ಶಾರ್ಲಟ್, ರಾಲಿ ಮುಂತಾದ ನಗರಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಇದು ದೀರ್ಘ ವಾರಾಂತ್ಯಕ್ಕೆ ಒಗ್ಗುವ ದೂರದಲ್ಲಿರುವ ಊರು.

ಈ ಅಧ್ಯಯನವು ಕೇಳುವ ಪ್ರಶ್ನೆ ಇಷ್ಟೇ. ಒಂದೇ ನೆಲ ಚಾರಿತ್ರಿಕ ತಾಣವೂ ಆಗಿ, ಕೃಷಿ ಪ್ರವಾಸದ ತಾಣವೂ ಆಗಿರುವಾಗ, ಆ ನೆಲದಲ್ಲಿ ಬೆವರು ಸುರಿಸಿದವರು ಗುಲಾಮರಾಗಿದ್ದರೆಂಬ ಸಂಗತಿಯನ್ನು ಪ್ರವಾಸಿಗೆ ಎಲ್ಲಿ, ಹೇಗೆ ಮತ್ತು ಯಾರ ಬಾಯಿಂದ ಹೇಳಿಸಬೇಕು? ಕಳೆದ ಶತಮಾನದ ಬಹುಭಾಗ ಈ ತಾಣಗಳು ಅದನ್ನು ಹೇಳದೆಯೇ ನಡೆದವು. ಕಳೆದ ಎರಡು ದಶಕಗಳಲ್ಲಿ ಹೇಳತೊಡಗಿವೆ, ಆದರೆ ಒಂದೊಂದು ತಾಣ ಒಂದೊಂದು ದಾರಿಯನ್ನು ಹಿಡಿದಿದೆ. ಆ ದಾರಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ, ಮಹಲಿಗಿಂತ ಗದ್ದೆಯೇ ಇಲ್ಲಿನ ಮುಖ್ಯ ಸ್ಮಾರಕವೆಂಬುದು ಸ್ಪಷ್ಟವಾಗುತ್ತದೆ.

ಗದ್ದೆಯಿಂದಲೇ ಆರಂಭಿಸುವುದು ಸೂಕ್ತ. ಚಾರ್ಲ್ಸ್‌ಟನ್ನಿನ ಸಂಪತ್ತಿಗೆ ಮೂಲ ಭತ್ತ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಲ್ಲಿಗೆ ಬಂದ ಭತ್ತ ಮೊದಲು ಜೌಗು ಪ್ರದೇಶಗಳಲ್ಲಿ ಬೆಳೆಯಿತು. ಹದಿನೆಂಟನೆಯ ಶತಮಾನದ ಮಧ್ಯಭಾಗದಿಂದ ನದಿಯ ಉಬ್ಬರವಿಳಿತವನ್ನೇ ನೀರಾವರಿಗೆ ಬಳಸುವ ಪದ್ಧತಿ ಹರಡಿತು. ನದಿ ದಡದ ಸೈಪ್ರಸ್ ಮರಗಳ ದಟ್ಟ ಕಾಡನ್ನು ಕಡಿದು, ಬೇರು ಕಿತ್ತು, ಕೆಸರಿನಲ್ಲಿ ನಿಂತು ಮೈಲಿಗಟ್ಟಲೆ ಬದು ಕಟ್ಟಿ, ಬದುವಿನಲ್ಲಿ ಮರದ ತೂಬುಗಳನ್ನು ಕೂರಿಸಲಾಗುತ್ತಿತ್ತು. ಉಬ್ಬರ ಬಂದಾಗ ಸಮುದ್ರದ ನೀರು ನದಿಯ ಸಿಹಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಆ ಹೊತ್ತಿಗೆ ತೂಬು ತೆರೆದರೆ ಗದ್ದೆ ತುಂಬುತ್ತದೆ, ಇಳಿತದಲ್ಲಿ ತೆರೆದರೆ ಬರಿದಾಗುತ್ತದೆ. ಅಘನಾಶಿನಿ ನದೀಮುಖದ ಗಜನಿ ಗದ್ದೆಗಳನ್ನು ಬಲ್ಲ ಉತ್ತರ ಕನ್ನಡದ ಓದುಗರಿಗೆ ಈ ವ್ಯವಸ್ಥೆ ತಕ್ಷಣ ಅರ್ಥವಾಗುತ್ತದೆ, ಆದರೆ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಗಜನಿಯ ಕಗ್ಗ ಭತ್ತ ಉಪ್ಪುನೀರನ್ನು ಸಹಿಸುತ್ತದೆ. ಕೆರೊಲಿನಾದ ಭತ್ತ ಸಹಿಸುತ್ತಿರಲಿಲ್ಲ. ಆದ್ದರಿಂದ ನದಿಯ ಯಾವ ತಿರುವಿನವರೆಗೆ ಉಪ್ಪು ಏರುತ್ತದೆ, ಎಲ್ಲಿಂದಾಚೆಗೆ ಉಬ್ಬರವಿದ್ದರೂ ನೀರು ಸಿಹಿಯಾಗಿರುತ್ತದೆ ಎಂಬ ಸೂಕ್ಷ್ಮ ತಿಳಿವಳಿಕೆಯ ಮೇಲೆ ಇಡೀ ಬೇಸಾಯ ನಿಂತಿತ್ತು. ತೂಬನ್ನು ಒಂದು ಗಳಿಗೆ ತಪ್ಪಿ ತೆರೆದರೆ ವರ್ಷದ ಬೆಳೆ ಹೋಯಿತೆಂದೇ ಲೆಕ್ಕ.

ಈ ತಿಳಿವಳಿಕೆ ಎಲ್ಲಿಂದ ಬಂತು? ಇಂಗ್ಲೆಂಡಿನಿಂದ ಬಂದ ಜಮೀನುದಾರರಿಗೆ ಭತ್ತದ ಅನುಭವವಿರಲಿಲ್ಲ. ಪಶ್ಚಿಮ ಆಫ್ರಿಕಾದ ಸೆನೆಗಾಂಬಿಯಾದಿಂದ ಸಿಯೆರಾ ಲಿಯೋನ್‌ವರೆಗಿನ ಕರಾವಳಿಯಲ್ಲಿ ಜನ ಶತಮಾನಗಳಿಂದ ಭತ್ತ ಬೆಳೆಯುತ್ತಿದ್ದರು, ಉಪ್ಪುನೀರಿನ ಅಂಚಿನಲ್ಲಿ ಬದು ಕಟ್ಟುವುದನ್ನು ಬಲ್ಲವರಾಗಿದ್ದರು. ಅಲ್ಲಿಂದ ಸೆರೆಹಿಡಿದು ತಂದವರ ಕೈಚಳಕವೂ ಅನುಭವವೂ ಇಲ್ಲಿನ ಬೇಸಾಯದಲ್ಲಿ ಎಷ್ಟರ ಮಟ್ಟಿಗೆ ಸೇರಿಕೊಂಡಿವೆ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಸೇರಿಕೊಂಡಿವೆ ಎಂಬುದರ ಗುರುತುಗಳಂತೂ ಕಣ್ಣೆದುರಿಗಿವೆ. ಮರದ ದಿಮ್ಮಿಯನ್ನು ಕೊರೆದು ಮಾಡಿದ ಒರಳಿನಲ್ಲಿ ಒನಕೆಯಿಂದ ಭತ್ತ ಕುಟ್ಟುವುದು, ಹುಲ್ಲಿನಿಂದ ಸುರುಳಿ ಹೆಣೆದ ಅಗಲವಾದ ತಟ್ಟೆಬುಟ್ಟಿಯಲ್ಲಿ ತೂರಿ ಹೊಟ್ಟು ಹಾರಿಸುವುದು, ಹಿತ್ತಲಿನಲ್ಲಿ ಬೆಂಡೆ, ಅಲಸಂದೆ ಮತ್ತು ಎಳ್ಳು ಬೆಳೆಯುವುದು – ಇವೆಲ್ಲವೂ ಆಫ್ರಿಕಾದಿಂದ ಜನರೊಂದಿಗೇ ಬಂದವು. 1708ರ ಹೊತ್ತಿಗಾಗಲೇ ದಕ್ಷಿಣ ಕೆರೊಲಿನಾದಲ್ಲಿ ಬಿಳಿಯರಿಗಿಂತ ಕಪ್ಪು ಜನರ ಸಂಖ್ಯೆ ಹೆಚ್ಚಾಗಿತ್ತು. ಬೇಸಿಗೆಯ ಮಲೇರಿಯಾಕ್ಕೆ ಹೆದರಿ ಮಾಲೀಕರು ನಗರದ ಮನೆಗಳಿಗೆ ಹೋಗುತ್ತಿದ್ದರು; ಗುಲಾಮರು ಗದ್ದೆಯಲ್ಲೇ ಉಳಿಯುತ್ತಿದ್ದರು, ಅವರ ಮಕ್ಕಳು ಆ ಜ್ವರಕ್ಕೆ ಸಾಯುತ್ತಿದ್ದರು. 1739ರ ಸೆಪ್ಟೆಂಬರ್‌ನಲ್ಲಿ ಸ್ಟೋನೊ ನದಿಯ ಬಳಿ ಗುಲಾಮರು ದಂಗೆಯೆದ್ದರು. ಮರುವರ್ಷವೇ ಅವರ ಬರಹ ಕಲಿಕೆ, ಓಡಾಟ ಮತ್ತು ಗಳಿಕೆಯ ಮೇಲೆ ಕಠಿಣ ಕಾಯಿದೆ ಬಂತು.

ಈ ಊರಿನ ಚರಿತ್ರೆಗೂ ಕರ್ನಾಟಕಕ್ಕೂ ಒಂದು ನೇರ ಎಳೆಯಿದೆ. 1780ರ ಮೇ 12ರಂದು ಬ್ರಿಟಿಷ್ ಸೇನೆಗೆ ಶರಣಾದ ಚಾರ್ಲ್ಸ್‌ಟನ್ನಿನ ಸುತ್ತಲಿನ ಪ್ರದೇಶದ ದಂಡಾಧಿಕಾರ ವಹಿಸಿಕೊಂಡ ಕಾರ್ನ್‌ವಾಲಿಸನೇ, ಮರುವರ್ಷ ಯಾರ್ಕ್‌ಟೌನಿನಲ್ಲಿ ಸೋತು ಶರಣಾಗಿ, ಅನಂತರ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದವನು.

ಇನ್ನು ತಾಣಗಳ ವಿಚಾರ. ಆಶ್ಲಿ ನದಿಯುದ್ದಕ್ಕೂ ಹೋಗುವ ರಸ್ತೆಯಲ್ಲಿ ಒಂದರ ಪಕ್ಕ ಒಂದರಂತೆ ಮೂರು ಎಸ್ಟೇಟುಗಳು ಸಿಗುತ್ತವೆ. ಮ್ಯಾಗ್ನೋಲಿಯಾ 1676ರಿಂದ ಡ್ರೇಟನ್ ಕುಟುಂಬದ ಕೈಯಲ್ಲಿದೆ. ಉತ್ತರ ಮತ್ತು ದಕ್ಷಿಣದ ರಾಜ್ಯಗಳ ನಡುವಿನ ಅಂತರ್ಯುದ್ಧದಲ್ಲಿ (1861–65) ಗುಲಾಮಗಿರಿ ಅಳಿದ ಮೇಲೆ ಆದಾಯವಿಲ್ಲದೆ, 1870ರ ದಶಕದಲ್ಲಿ ತನ್ನ ಉದ್ಯಾನವನ್ನು ಸಾರ್ವಜನಿಕರಿಗೆ ತೆರೆಯಿತು. ಗದ್ದೆಯ ಹಣ ನಿಂತಾಗ ಹೂವಿನ ಹಣ ಬಂತು ಎನ್ನಬಹುದು. ಡ್ರೇಟನ್ ಹಾಲ್ ಎಂಬ ಮಹಲು 1974ರಲ್ಲಿ ರಾಷ್ಟ್ರೀಯ ಸ್ಮಾರಕ ಸಂರಕ್ಷಣಾ ಟ್ರಸ್ಟಿಗೆ ಸೇರಿತು. ಅದನ್ನು ಅಲಂಕರಿಸಿ ಹೊಸದರಂತೆ ಮಾಡದೆ, ಪೀಠೋಪಕರಣಗಳಿಲ್ಲದ ಬರಿಯ ಕೋಣೆಗಳನ್ನು ಇದ್ದಂತೆಯೇ ಕಾಪಾಡಿಕೊಂಡಿದ್ದಾರೆ. ಅದೇ ಆವರಣದಲ್ಲಿ ಗುಲಾಮರ ಮತ್ತು ಅವರ ವಂಶಸ್ಥರ ಸ್ಮಶಾನವಿದೆ. ಅಲ್ಲೇ ಹುಟ್ಟಿ ಬೆಳೆದ ವಂಶಸ್ಥರೊಬ್ಬರ ಇಚ್ಛೆಯಂತೆ, ಕಲ್ಲು ಹಾಸಿ ಪಾರ್ಕು ಮಾಡದೆ, ಮರಗಳ ನಡುವೆ ಇದ್ದ ಹಾಗೆಯೇ ಬಿಡಲಾಗಿದೆ.

ಮೂರನೆಯದಾದ ಮಿಡಲ್ಟನ್ ಪ್ಲೇಸ್ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರದ್ದು. 1741ರಲ್ಲಿ ಆರಂಭಿಸಿದ ಅದರ ಉದ್ಯಾನ ಅಮೆರಿಕದ ಅತಿ ಹಳೆಯ ವಿನ್ಯಾಸಗೊಳಿಸಿದ ಉದ್ಯಾನವೆಂದು ಹೆಸರಾಗಿದೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ ಆರ್ಥರ್ ಮಿಡಲ್ಟನ್ ಈ ಮನೆತನದವನು. 1865ರ ಫೆಬ್ರವರಿಯಲ್ಲಿ ಉತ್ತರದ ಸೈನಿಕರು ಮಹಲಿಗೆ ಬೆಂಕಿಯಿಟ್ಟರು. 1886ರ ಭೂಕಂಪದಲ್ಲಿ ಉಳಿದಿದ್ದ ಗೋಡೆಗಳೂ ಕುಸಿದವು. ಒಂದು ಪಾರ್ಶ್ವದ ಕಟ್ಟಡ ಮಾತ್ರ ನಿಂತಿದೆ. ಮಹಲು ಹೋದದ್ದರಿಂದಲೋ ಏನೋ, ಇಲ್ಲಿ ಪ್ರವಾಸಿಯ ಗಮನ ಹೊರಗಿನ ದುಡಿಮೆಯ ಕಡೆಗೆ ಹೆಚ್ಚು ಹರಿಯುತ್ತದೆ. ಕೊಟ್ಟಿಗೆಯಂಗಳದಲ್ಲಿ ಕಮ್ಮಾರ, ಕುಂಬಾರ ಮತ್ತು ನೇಕಾರಿಕೆಯ ಕೆಲಸಗಳನ್ನು ಮಾಡಿ ತೋರಿಸುತ್ತಾರೆ, ಹಳೆಯ ತಳಿಯ ಕುರಿ, ಹಂದಿ ಮತ್ತು ಕೋಳಿಗಳನ್ನು ಸಾಕಿದ್ದಾರೆ. ಎಮ್ಮೆಗಳೂ ಇವೆ. 1850ರ ದಶಕದಲ್ಲಿ ಈ ಮನೆತನದ ಯಜಮಾನ ಗದ್ದೆಯ ಕೆಸರಿನಲ್ಲಿ ದುಡಿಸಲು ಕಾನ್‌ಸ್ಟಾಂಟಿನೋಪಲ್‌ನಿಂದ ಎಮ್ಮೆಗಳನ್ನು ತರಿಸಿದ್ದನು. ಅದರ ನೆನಪಿಗೆ ಇಂದಿಗೂ ಸಾಕಿಕೊಂಡಿದ್ದಾರೆ. ಪಕ್ಕದಲ್ಲೊಂದು ಪ್ರಾತ್ಯಕ್ಷಿಕೆಯ ಭತ್ತದ ಗದ್ದೆಯಿದ್ದು, ಅಲ್ಲಿ ‘ಕೆರೊಲಿನಾ ಗೋಲ್ಡ್’ ತಳಿಯನ್ನು ಬೆಳೆಯುತ್ತಾರೆ. ವಾಣಿಜ್ಯ ಬೆಳೆಯಾಗಿ ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಅಳಿದುಹೋಗಿದ್ದ ಆ ತಳಿಯನ್ನು 1980ರ ದಶಕದಲ್ಲಿ ಬೀಜಭಂಡಾರದಿಂದ ಬಿತ್ತನೆ ತಂದು ಮತ್ತೆ ಬೆಳೆಸಲಾಯಿತು. ಹೊಟ್ಟಿನ ಹೊನ್ನಿನ ಬಣ್ಣದಿಂದಲೇ ಅದಕ್ಕೆ ಆ ಹೆಸರು.

ಇದೇ ಆವರಣದಲ್ಲಿ, ವಿಮೋಚನೆಯ ನಂತರದ ಕಾಲದಲ್ಲಿ ಕಪ್ಪು ಕುಟುಂಬಗಳು ವಾಸವಾಗಿದ್ದ ‘ಎಲೈಜಾಳ ಮನೆ’ ಎಂಬ ಸಣ್ಣ ಮರದ ಮನೆಯಿದೆ. ಅದರೊಳಗಿನ ಫಲಕದಲ್ಲಿ ಮಿಡಲ್ಟನ್ ಮನೆತನ ತನ್ನ ಹಲವು ಎಸ್ಟೇಟುಗಳಲ್ಲಿ ಗುಲಾಮರನ್ನಾಗಿ ಇಟ್ಟುಕೊಂಡಿದ್ದ ಎರಡು ಸಾವಿರಕ್ಕೂ ಹೆಚ್ಚು ಜನರ ಹೆಸರುಗಳನ್ನು ಬರೆಯಲಾಗಿದೆ. ಹೆಸರುಗಳ ಪಕ್ಕದಲ್ಲಿ ಕೆಲವೆಡೆ ವಯಸ್ಸು, ಕೆಲವೆಡೆ ಬೆಲೆ. ಹೊರಗೆ ಮಕ್ಕಳು ಕುರಿಮರಿ ನೋಡಿ ನಲಿಯುತ್ತಿರುವಾಗ ಒಳಗೆ ಮಗುವೊಂದರ ಬೆಲೆಯನ್ನು ಓದಬೇಕಾಗುವ ಈ ಸ್ಥಿತಿ ಪ್ರವಾಸಿಗೆ ಕಷ್ಟವೇ. ಆದರೆ ಕುರಿಯೂ ಮಗುವೂ ಒಂದೇ ಲೆಕ್ಕದ ಪುಸ್ತಕದಲ್ಲಿ ಆಸ್ತಿಯಾಗಿ ನಮೂದಾಗುತ್ತಿದ್ದ ಕಾಲವನ್ನು ವಿವರಿಸಲು, ಎರಡನ್ನೂ ಒಂದೇ ಅಂಗಳದಲ್ಲಿ ಇಟ್ಟಿರುವುದಕ್ಕಿಂತ ನೇರವಾದ ಉಪಾಯ ನನಗೆ ತೋರುವುದಿಲ್ಲ.

ಕೂಪರ್ ನದಿಯಾಚೆಯ ಮೌಂಟ್ ಪ್ಲೆಸೆಂಟ್‌ನಲ್ಲಿರುವ ಬೂನ್ ಹಾಲ್ ಹಿಡಿದದ್ದು ಬೇರೆ ದಾರಿ. 1681ರಲ್ಲಿ ಸ್ಥಾಪನೆಯಾದ ಈ ಎಸ್ಟೇಟಿನಲ್ಲಿ ಇಂದಿಗೂ ಬೇಸಾಯ ನಿಂತಿಲ್ಲ. ವಸಂತದಲ್ಲಿ ಸ್ಟ್ರಾಬೆರಿ, ಬೇಸಿಗೆಯಲ್ಲಿ ಟೊಮೆಟೊ, ಶರತ್ಕಾಲದಲ್ಲಿ ಕುಂಬಳಕಾಯಿ – ಆಯಾ ಕಾಲದಲ್ಲಿ ಪ್ರವಾಸಿಗಳು ತಾವೇ ಹೊಲಕ್ಕಿಳಿದು ಕೊಯ್ದು, ತೂಕ ಹಾಕಿಸಿ, ಹಣ ಕೊಟ್ಟು ಒಯ್ಯುತ್ತಾರೆ. ಹೆದ್ದಾರಿಯ ಬದಿಯಲ್ಲಿ ಎಸ್ಟೇಟಿನದೇ ಮಾರುಕಟ್ಟೆಯಿದೆ. ಕೃಷಿ ಪ್ರವಾಸೋದ್ಯಮದ ದೃಷ್ಟಿಯಿಂದ ಇದು ಗಟ್ಟಿ ವ್ಯವಹಾರ: ಮನೆ ಕಟ್ಟುವವರ ಕೈಗೆ ಹೋಗಬಹುದಾಗಿದ್ದ ನೂರಾರು ಎಕರೆ ಭೂಮಿ ಹೊಲವಾಗಿಯೇ ಉಳಿದಿದೆ. 1743ರಲ್ಲಿ ನೆಟ್ಟ ಓಕ್ ಮರಗಳು ಸುಮಾರು ಮುಕ್ಕಾಲು ಮೈಲಿ ಉದ್ದಕ್ಕೆ ದಾರಿಯ ಎರಡೂ ಬದಿಯಲ್ಲಿ ಕಮಾನಾಗಿವೆ. ದಾರಿಯ ಕೊನೆಯಲ್ಲಿರುವ ಬಿಳಿ ಕಂಬಗಳ ಮಹಲು ಮಾತ್ರ ಹಳೆಯದಲ್ಲ. ಅದನ್ನು ಕಟ್ಟಿದ್ದು 1936ರಲ್ಲಿ. ನಿಜವಾಗಿ ಹಳೆಯವು ಓಕ್ ಸಾಲಿನ ಪಕ್ಕದಲ್ಲಿ ನಿಂತಿರುವ ಒಂಬತ್ತು ಇಟ್ಟಿಗೆಯ ಗುಡಿಸಲುಗಳು. ಹದಿನೆಂಟನೆಯ ಶತಮಾನದ ಕೊನೆ ಮತ್ತು ಹತ್ತೊಂಬತ್ತನೆಯದರ ಆರಂಭದಲ್ಲಿ ಗುಲಾಮರಿಗಾಗಿ, ಗುಲಾಮರೇ ಮಾಡಿದ ಇಟ್ಟಿಗೆಗಳಿಂದ ಕಟ್ಟಿದವು. ಈ ಪ್ರದೇಶದ ಹಳೆಯ ಇಟ್ಟಿಗೆಗಳಲ್ಲಿ ಕೆಲವೊಮ್ಮೆ ಬೆರಳಿನ ಗುರುತುಗಳು ಕಾಣುತ್ತವೆ. ಹಸಿ ಇಟ್ಟಿಗೆಯನ್ನು ಒಣಗಿಸಲು ತಿರುವಿ ಹಾಕುವಾಗ ಒತ್ತಿದ ಬೆರಳುಗಳು ಅವು. ಎಷ್ಟೋ ಗುರುತುಗಳು ಮಕ್ಕಳ ಬೆರಳಿನಷ್ಟೇ ಚಿಕ್ಕವು. ಅವರ ಹೆಸರು ಯಾವ ಫಲಕದಲ್ಲೂ ಉಳಿದಿಲ್ಲದಿರಬಹುದು, ಬೆರಳು ಉಳಿದಿದೆ.

ಬೂನ್ ಹಾಲ್ ಈ ಗುಡಿಸಲುಗಳಲ್ಲಿ ಕಪ್ಪು ಜನರ ಚರಿತ್ರೆಯ ಪ್ರದರ್ಶನವಿಟ್ಟಿದೆ. ಈ ಕರಾವಳಿಯ ಗುಲಾಮರ ವಂಶಸ್ಥರದಾದ ಗಲ್ಲಾ ಸಂಸ್ಕೃತಿಯ ಹಾಡು ಮತ್ತು ಕಥನವನ್ನು ಆ ಸಮುದಾಯದವರಿಂದಲೇ ಕೇಳಿಸುತ್ತದೆ. ಇದು ಒಳ್ಳೆಯ ಕೆಲಸವೇ. ತೊಡಕಿರುವುದು ವಿಂಗಡಣೆಯಲ್ಲಿ. ಗುಡಿಸಲಿನಲ್ಲಿ ಚರಿತ್ರೆ, ಹೊಲದಲ್ಲಿ ಹಣ್ಣು ಎಂದು ಎರಡನ್ನೂ ಬೇರೆ ಬೇರೆ ಇಟ್ಟಾಗ, ಸ್ಟ್ರಾಬೆರಿ ಕೊಯ್ಯಲು ಬಂದ ಕುಟುಂಬ ಗುಡಿಸಲಿನ ಕಡೆ ಹೋಗದೆಯೇ ಮನೆಗೆ ಮರಳಬಹುದು. ಹೊಲದಲ್ಲಿ ಬಗ್ಗಿ ಕೊಯ್ಯುವ ಅರ್ಧ ಗಂಟೆಯೇ ಆ ದುಡಿಮೆಯ ಬಗ್ಗೆ ಮಾತಾಡಲು ಸರಿಯಾದ ಜಾಗ ಮತ್ತು ಸಮಯ; ಹೊಲದ ಅಂಚಿನಲ್ಲೇ ಆ ಮಾತು ಇರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಮದುವೆಯ ವ್ಯವಹಾರದಲ್ಲಿ ಈ ವಿಂಗಡಣೆ ಬಯಲಿಗೆ ಬಂತು. ಓಕ್ ಸಾಲಿನ ಕೆಳಗೆ ಮದುವೆ ನಡೆಸುವುದು ದಕ್ಷಿಣದ ಪ್ಲಾಂಟೇಶನ್‌ಗಳಿಗೆ ದೊಡ್ಡ ಆದಾಯವಾಗಿ ಬೆಳೆದಿತ್ತು. ನಾಗರಿಕ ಹಕ್ಕುಗಳ ಸಂಘಟನೆಯೊಂದರ ಒತ್ತಾಯದ ಮೇರೆಗೆ 2019ರ ಡಿಸೆಂಬರ್‌ನಲ್ಲಿ ಚಿತ್ರ ಹಂಚಿಕೆಯ ಜಾಲತಾಣ ಪಿಂಟರೆಸ್ಟ್ ಮತ್ತು ಮದುವೆ ಏರ್ಪಾಡಿನ ಜಾಲತಾಣ ದಿ ನಾಟ್, ಪ್ಲಾಂಟೇಶನ್‌ಗಳನ್ನು ರಮ್ಯವಾಗಿ ಬಣ್ಣಿಸಿ ಮದುವೆಗೆ ಪ್ರಚಾರ ಮಾಡುವುದನ್ನು ಕಡಿಮೆ ಮಾಡುವುದಾಗಿ ಹೇಳಿದವು. 2020ರಲ್ಲಿ, ಅಂದರೆ ಕಪ್ಪು ಜನರ ಹಕ್ಕಿನ ಹೋರಾಟ ದೇಶವನ್ನೆಲ್ಲ ವ್ಯಾಪಿಸಿದ ವರ್ಷ, ವಾಡ್ಮಲಾ ದ್ವೀಪದ ಚಹಾ ತೋಟ ತನ್ನ ಹೆಸರಿನಿಂದ ‘ಪ್ಲಾಂಟೇಶನ್’ ಪದವನ್ನೇ ತೆಗೆದು ‘ಚಾರ್ಲ್ಸ್‌ಟನ್ ಟೀ ಗಾರ್ಡನ್’ ಆಯಿತು. ಆ ತೋಟದ ಚಹಾ ಬೇಸಾಯ 1963ರಲ್ಲಿ ಲಿಪ್ಟನ್ ಕಂಪನಿಯ ಸಂಶೋಧನಾ ಕೇಂದ್ರವಾಗಿ ಶುರುವಾದದ್ದು. ಗಿಡಗಳು ಮಾತ್ರ ಹತ್ತಿರದ ಸಮರ್‌ವಿಲ್‌ನಲ್ಲಿ 1888ರಲ್ಲಿ ಆರಂಭವಾಗಿ ಪಾಳುಬಿದ್ದಿದ್ದ ತೋಟದ ಸಂತತಿ. ಗುಲಾಮಗಿರಿಯ ಕಾಲದ ಬೆಳೆಯೇ ಅಲ್ಲದ್ದನ್ನು ಬೆಳೆಯುವವರು ಹೆಸರು ಬದಲಿಸಿದರು. ಆ ಕಾಲದಿಂದಲೇ ಬಂದ ಹಲವು ತಾಣಗಳು ಹಳೆಯ ಹೆಸರನ್ನೇ ಉಳಿಸಿಕೊಂಡಿವೆ.

ಪ್ರಕರಣದ ತಿರುವು ಜೇಮ್ಸ್ ದ್ವೀಪದ ಮೆಕ್ಲೌಡ್ ಪ್ಲಾಂಟೇಶನ್. 1851ರಲ್ಲಿ ಸ್ಥಾಪನೆಯಾದ ಇದು ‘ಸೀ ಐಲೆಂಡ್’ ಎಂಬ ಉದ್ದ ಎಳೆಯ ಹತ್ತಿಯನ್ನು ಬೆಳೆಯುತ್ತಿತ್ತು. ಅಂತರ್ಯುದ್ಧದ ಕೊನೆಯಲ್ಲಿ ಕಪ್ಪು ಸೈನಿಕರ ಮ್ಯಾಸಚೂಸೆಟ್ಸ್ ದಳಗಳು ಇಲ್ಲಿ ಬೀಡುಬಿಟ್ಟಿದ್ದವು. ವಿಮೋಚನೆ ಹೊಂದಿದವರಿಗೆ ನೆರವಾಗಲು ಸರ್ಕಾರ ಸ್ಥಾಪಿಸಿದ ಇಲಾಖೆಯ ಕಚೇರಿಯೂ ಇದೇ ಮನೆಯಲ್ಲಿತ್ತು. ಮನೆತನದ ಕೊನೆಯ ವಾರಸುದಾರ 1990ರಲ್ಲಿ ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ಆಸ್ತಿ ಕೈಬದಲಾಗಿ, 2011ರಲ್ಲಿ ಚಾರ್ಲ್ಸ್‌ಟನ್ ಕೌಂಟಿಯ (ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ಉದ್ಯಾನ ಆಯೋಗದ ಪಾಲಾಯಿತು. 2015ರ ಏಪ್ರಿಲ್‌ನಲ್ಲಿ 37 ಎಕರೆಯ ಈ ತಾಣ ಸಾರ್ವಜನಿಕರಿಗೆ ತೆರೆದಾಗ ಆಯೋಗ ಒಂದು ಸ್ಪಷ್ಟ ನಿರ್ಧಾರ ಮಾಡಿತ್ತು: ಮಾರ್ಗದರ್ಶಕರ ಕಥನ ಮಾಲೀಕರ ಮನೆಯಿಂದಲ್ಲ, ಗುಲಾಮರ ಬದುಕಿನಿಂದ ಹೊರಡಬೇಕು. ಇಲ್ಲಿನ ಗುಡಿಸಲುಗಳ ಸಾಲನ್ನು ‘ಟ್ರಾನ್ಸಿಶನ್ ರೋ’ ಎಂದು ಕರೆಯುತ್ತಾರೆ. ಗುಲಾಮಗಿರಿಯಿಂದ ಬಿಡುಗಡೆಗೆ ದಾಟಿದ ಸಾಲು ಅದು. ಬಿಡುಗಡೆಯ ನಂತರವೂ ಕಪ್ಪು ಕುಟುಂಬಗಳು ಅದೇ ಗುಡಿಸಲುಗಳಲ್ಲಿ ಬಾಡಿಗೆಗೆ ಬದುಕಿದವು, ಕೆಲವು ಇಪ್ಪತ್ತನೆಯ ಶತಮಾನದ ಕೊನೆಯವರೆಗೂ. ಅಂದರೆ ಮುನ್ನೂರು ವರ್ಷ ಹಿಂದಿನ ಮಾತಲ್ಲ ಇದು. ಆ ನೆಲದ ಮೇಲೆ ಆಡಿ ಬೆಳೆದವರು ಇಂದಿಗೂ ನಗರದಲ್ಲಿದ್ದಾರೆ.

ತೆರೆದ ಎರಡು ತಿಂಗಳಿಗೆ, ಜೂನ್ 17ರಂದು, ನಗರದ ಇಮ್ಯಾನುಯೆಲ್ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ಬಿಳಿಯ ಜನಾಂಗದ್ವೇಷಿ ಯುವಕನೊಬ್ಬ ಗುಂಡಿಟ್ಟು ಕೊಂದನು. ಕೊಲ್ಲುವ ಮುನ್ನ ಅವನು ಇಲ್ಲಿನ ಪ್ಲಾಂಟೇಶನ್ ತಾಣಗಳಿಗೆ ಭೇಟಿ ಕೊಟ್ಟು ಚಿತ್ರ ತೆಗೆಸಿಕೊಂಡಿದ್ದನು. ಯಾವ ಕಥೆಯನ್ನು ಯಾವ ದನಿಯಲ್ಲಿ ಹೇಳುತ್ತೇವೆ ಎಂಬುದು ಆ ನಂತರ ಈ ಊರಿನಲ್ಲಿ ಪ್ರವಾಸೋದ್ಯಮದ ಚಿಕ್ಕ ವಿಷಯವಾಗಿ ಉಳಿಯಲಿಲ್ಲ. 2018ರ ಜೂನ್ 19ರಂದು ನಗರಸಭೆಯು ಗುಲಾಮರ ವ್ಯಾಪಾರದಲ್ಲಿ ನಗರದ ಪಾತ್ರಕ್ಕಾಗಿ ಕ್ಷಮೆ ಕೇಳುವ ನಿರ್ಣಯವನ್ನು ಅಂಗೀಕರಿಸಿತು. 2023ರ ಜೂನ್‌ನಲ್ಲಿ, ಗುಲಾಮರ ಹಡಗುಗಳು ಬಂದು ನಿಲ್ಲುತ್ತಿದ್ದ ಗ್ಯಾಡ್ಸ್‌ಡನ್ ಧಕ್ಕೆಯ ಜಾಗದಲ್ಲೇ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ಮ್ಯೂಸಿಯಂ ತೆರೆಯಿತು.

ಮೆಕ್ಲೌಡ್‌ನ ನಿರ್ಧಾರಕ್ಕೆ ವಿರೋಧ ಬಾರದೆ ಇರಲಿಲ್ಲ. ಮನೆ ಮತ್ತು ಪೀಠೋಪಕರಣ ನೋಡಲು ಬಂದವರಿಗೆ ಗುಲಾಮಗಿರಿಯ ಉಪನ್ಯಾಸ ಕೇಳಬೇಕಾಯಿತು ಎಂಬ ಧಾಟಿಯ ಸಂದರ್ಶಕರ ದೂರುಗಳು 2019ರಲ್ಲಿ ರಾಷ್ಟ್ರೀಯ ಪತ್ರಿಕೆಗಳಲ್ಲೇ ಚರ್ಚೆಗೆ ಬಂದವು. ಆದರೂ ಆಯೋಗ ಕಥನವನ್ನು ಬದಲಿಸಲಿಲ್ಲ. ಸಾರ್ವಜನಿಕ ಸಂಸ್ಥೆಯಾಗಿದ್ದದ್ದು ಇಲ್ಲಿ ನೆರವಾಯಿತೆಂದು ಕಾಣುತ್ತದೆ; ಟಿಕೆಟಿನ ಹಣದಿಂದಲೇ ಹೊಲವನ್ನೂ ಮಹಲನ್ನೂ ನಡೆಸಬೇಕಾದ ಖಾಸಗಿ ಎಸ್ಟೇಟಿಗೆ ಅಷ್ಟು ಧೈರ್ಯ ಸುಲಭವಲ್ಲ. ಆದರೂ ಖಾಸಗಿ ತಾಣಗಳಲ್ಲೂ ಬದಲಾವಣೆ ಸಾಧ್ಯವೆಂಬುದಕ್ಕೆ ಮ್ಯಾಗ್ನೋಲಿಯಾ ಸಾಕ್ಷಿ. ಅಲ್ಲಿನ ಗುಲಾಮರ ಗುಡಿಸಲುಗಳನ್ನು ದುರಸ್ತಿ ಮಾಡಿ, 2009ರಿಂದ ಅವುಗಳದೇ ಪ್ರತ್ಯೇಕ ಪ್ರವಾಸವನ್ನು ನಡೆಸುತ್ತಿದ್ದಾರೆ. 2010ರಲ್ಲಿ ಜೋಸೆಫ್ ಮೆಕ್‌ಗಿಲ್ ಎಂಬ ಚರಿತ್ರೆಯ ಕಾರ್ಯಕರ್ತರು ಅದೇ ಗುಡಿಸಲಿನ ನೆಲದ ಮೇಲೆ ಒಂದು ರಾತ್ರಿ ಮಲಗಿ ತಮ್ಮ ‘ಸ್ಲೇವ್ ಡ್ವೆಲ್ಲಿಂಗ್ ಪ್ರಾಜೆಕ್ಟ್’ ಆರಂಭಿಸಿದರು. ಅನಂತರ ದೇಶದ ಹತ್ತಾರು ರಾಜ್ಯಗಳಲ್ಲಿ ಇಂಥ ಮನೆಗಳಲ್ಲಿ ರಾತ್ರಿ ಕಳೆದು, ಅವುಗಳನ್ನು ಕೆಡವದೆ ಉಳಿಸಬೇಕೆಂದು ಮಾಲೀಕರ ಮನವೊಲಿಸಿದ್ದಾರೆ.

ಇಷ್ಟೆಲ್ಲ ಸುಧಾರಣೆಯ ನಂತರವೂ ಉಳಿದಿರುವ ಪ್ರಶ್ನೆ ಕಥನದ್ದಲ್ಲ, ಭೂಮಿಯದು. ಗುಲಾಮರ ವಂಶಸ್ಥರಾದ ಗಲ್ಲಾ ಗೀಚಿ ಸಮುದಾಯದವರು ಅಂತರ್ಯುದ್ಧದ ನಂತರ ಜಾನ್ಸ್ ದ್ವೀಪ, ವಾಡ್ಮಲಾ ಮತ್ತು ಮೌಂಟ್ ಪ್ಲೆಸೆಂಟ್‌ಗಳಲ್ಲಿ ತುಂಡು ತುಂಡಾಗಿ ಜಮೀನು ಕೊಂಡರು. ವಕೀಲರನ್ನು ನಂಬುವ ಕಾಲ ಅದಾಗಿರಲಿಲ್ಲ. ಹೆಚ್ಚಿನವರು ಉಯಿಲು ಬರೆಯದೆ ತೀರಿಕೊಂಡರು. ಖಾತೆ ಬದಲಾಗದೆ, ಪಾಲಾಗದೆ, ಮೂರು ನಾಲ್ಕು ತಲೆಮಾರಿನ ವಾರಸುದಾರರೆಲ್ಲರೂ ಆ ಜಮೀನಿಗೆ ಜಂಟಿ ಮಾಲೀಕರಾದರು. ಇಂಥ ಜಮೀನಿನ ಮೇಲೆ ಬ್ಯಾಂಕ್ ಸಾಲ ಹುಟ್ಟುವುದು ಕಷ್ಟ, ಸರ್ಕಾರದ ಕೃಷಿ ನೆರವೂ ಬಹುಕಾಲ ಕೈಗೆ ಸಿಗುತ್ತಿರಲಿಲ್ಲ. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ದೂರದ ಊರಿನಲ್ಲಿರುವ ಒಬ್ಬ ವಾರಸುದಾರನ ಪಾಲನ್ನು ಬಿಲ್ಡರ್ ಕೊಂಡು ನ್ಯಾಯಾಲಯಕ್ಕೆ ಹೋದರೆ, ಇಡೀ ಜಮೀನು ಹರಾಜಾಗುವ ಅಪಾಯವಿತ್ತು. ಸಮುದ್ರ ದಡದ ಎಷ್ಟೋ ಜಮೀನು ಹೀಗೆ ಕೈತಪ್ಪಿ ಗೇಟು ಹಾಕಿದ ಬಡಾವಣೆಗಳಾದವು.

ಬುಟ್ಟಿ ಹೆಣೆಯುವವರ ಕಥೆಯೂ ಇದರೊಂದಿಗೆ ಹೆಣೆದುಕೊಂಡಿದೆ. ಮೌಂಟ್ ಪ್ಲೆಸೆಂಟ್‌ನ 17ನೆಯ ಹೆದ್ದಾರಿಯ ಬದಿಯಲ್ಲಿ ಮರದ ಚೌಕಟ್ಟಿನ ಅಂಗಡಿಗಳನ್ನಿಟ್ಟು, ಹಿಂದೆ ಭತ್ತ ತೂರಲು ಬಳಸುತ್ತಿದ್ದ ಬುಟ್ಟಿಯ ಕಲೆಯನ್ನೇ ಜೀವನೋಪಾಯ ಮಾಡಿಕೊಂಡ ಹೆಣ್ಣುಮಕ್ಕಳಿದ್ದಾರೆ. ಸ್ವೀಟ್‌ಗ್ರಾಸ್ ಎಂಬ ಹುಲ್ಲಿನ ಹೊರೆಯನ್ನು ಸುರುಳಿ ಸುತ್ತುತ್ತ, ಪಾಮ್ ಗರಿಯ ಸೀಳಿನಿಂದ ಬಿಗಿಯುತ್ತ, ಚಮಚದ ಹಿಡಿಯನ್ನು ಚೂಪು ಮಾಡಿಕೊಂಡ ಸಲಕರಣೆಯಿಂದ ರಂಧ್ರ ಬಿಡಿಸುತ್ತ ಹೆಣೆಯುತ್ತಾರೆ. ಪ್ರವಾಸೋದ್ಯಮದ ಎಲ್ಲ ಜಾಹೀರಾತುಗಳಲ್ಲಿ ಈ ಬುಟ್ಟಿಯ ಚಿತ್ರವಿರುತ್ತದೆ. ಆದರೆ ಹುಲ್ಲು ಬೆಳೆಯುವ ದಡಗಳು ಖಾಸಗಿ ಬಡಾವಣೆಗಳ ಒಳಗೆ ಸೇರಿಹೋದದ್ದರಿಂದ, ಹುಲ್ಲಿಗಾಗಿ ಅವರು ದೂರದ ಊರುಗಳನ್ನು ಆಶ್ರಯಿಸಬೇಕಾಗಿದೆ. ಅಮೆರಿಕದ ಸಂಸತ್ತು 2006ರಲ್ಲಿ ನಾಲ್ಕು ರಾಜ್ಯಗಳ ಕರಾವಳಿಯನ್ನು ಗಲ್ಲಾ ಗೀಚಿ ಪರಂಪರೆಯ ವಲಯವೆಂದು ಘೋಷಿಸಿದೆ. ಘೋಷಣೆಯಿಂದ ಹುಲ್ಲು ಕೊಯ್ಯುವ ಹಕ್ಕು ಬರಲಿಲ್ಲ.

ಕಾನೂನಿನಲ್ಲಿ ಆದ ಬದಲಾವಣೆ ಹೆಚ್ಚು ಫಲಕಾರಿ. ಜಂಟಿ ವಾರಸಿನ ಜಮೀನನ್ನು ಉಳಿಸಿಕೊಳ್ಳಲು ನೆರವಾಗುವ ಸ್ವಯಂಸೇವಾ ಕೇಂದ್ರವೊಂದು 2005ರಿಂದ ಚಾರ್ಲ್ಸ್‌ಟನ್ನಿನಲ್ಲಿ ಕೆಲಸ ಮಾಡುತ್ತಿದೆ: ವಂಶವೃಕ್ಷ ಬರೆಸುವುದು, ವಾರಸುದಾರರನ್ನು ಹುಡುಕುವುದು, ಹಕ್ಕುಪತ್ರ ಸರಿಪಡಿಸುವುದು. 2016ರಲ್ಲಿ ರಾಜ್ಯದ ಶಾಸನಸಭೆ ಒಪ್ಪಿದ ಹೊಸ ಕಾಯಿದೆಯ ಪ್ರಕಾರ, ಒಬ್ಬ ಪಾಲುದಾರ ಇಡೀ ಜಮೀನನ್ನು ಮಾರಿಸಬೇಕೆಂದು ನ್ಯಾಯಾಲಯಕ್ಕೆ ಹೋದರೆ ಉಳಿದ ವಾರಸುದಾರರಿಗೆ ಅವನ ಪಾಲನ್ನು ನ್ಯಾಯವಾದ ಬೆಲೆಗೆ ಕೊಳ್ಳುವ ಅವಕಾಶ ಮೊದಲು ಸಿಗಬೇಕು. ಇಮ್ಯಾನುಯೆಲ್ ಚರ್ಚಿನಲ್ಲಿ ಕೊಲೆಯಾದ ಪಾದ್ರಿ ಮತ್ತು ರಾಜ್ಯದ ಸೆನೆಟ್ ಸದಸ್ಯ ಕ್ಲೆಮೆಂಟಾ ಪಿಂಕ್ನಿಯವರ ಹೆಸರನ್ನೇ ಆ ಕಾಯಿದೆಗೆ ಇಡಲಾಗಿದೆ.

ಕೃಷಿ ಪ್ರವಾಸೋದ್ಯಮಕ್ಕೆ ಪ್ರೋತ್ಸಾಹ ಕೊಡುವ ಯಾವುದೇ ಯೋಜನೆ ಈ ಊರಿನಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಪ್ರವಾಸಿಗೆ ಹೊಲ ತೋರಿಸಿ ಹಣ ಗಳಿಸಲು ಮೊದಲು ಹೊಲವಿರಬೇಕು, ಅದರ ಪತ್ರ ಸರಿಯಿರಬೇಕು, ಬೇಲಿ, ಶೌಚಾಲಯ, ವಿಮೆ ಮತ್ತು ವಾಹನ ನಿಲುಗಡೆಗೆ ಸಾಲ ಹುಟ್ಟಬೇಕು. ದೊಡ್ಡ ಎಸ್ಟೇಟುಗಳಿಗೆ ಇವೆಲ್ಲ ಇವೆ. ಭತ್ತದ ತೂಬನ್ನು ತೆರೆದು ಮುಚ್ಚಿದವರ ಮೊಮ್ಮಕ್ಕಳಿಗೆ, ಜಾನ್ಸ್ ದ್ವೀಪದಲ್ಲಿ ಇಂದಿಗೂ ಅಲಸಂದೆ, ಬೆಂಡೆ ಮತ್ತು ಕಾಲಾರ್ಡ್ ಸೊಪ್ಪು ಬೆಳೆಯುವ ಸಣ್ಣ ರೈತರಿಗೆ, ಹೊಲದ ಸರಿಯಾದ ಪತ್ರವೇ ಎಷ್ಟೋ ಸಲ ಇಲ್ಲ. ಎಸ್ಟೇಟುಗಳು ತಮ್ಮ ಹೆದ್ದಾರಿ ಬದಿಯ ಅಂಗಡಿಗಳಲ್ಲಿ ಈ ರೈತರ ಬೆಳೆಗೆ ಖಾಯಂ ಜಾಗ ಕೊಡುವುದು, ಕೌಂಟಿಯು ತನ್ನ ಉದ್ಯಾನಗಳ ಅಂಚಿನಲ್ಲಿ ಸ್ವೀಟ್‌ಗ್ರಾಸ್ ನೆಟ್ಟು ಕೊಯ್ಲಿಗೆ ಪರವಾನಗಿ ಕೊಡುವುದು, ಪ್ರವಾಸದ ಟಿಕೆಟಿನ ಒಂದು ಪಾಲು ಹಕ್ಕುಪತ್ರ ಸರಿಪಡಿಸುವ ಕೆಲಸಕ್ಕೆ ಹೋಗುವುದು – ಇವು ದೊಡ್ಡ ಹಣ ಬೇಡದ, ನಾಳೆಯೇ ಆರಂಭಿಸಬಹುದಾದ ಕೆಲಸಗಳು.